ಸೀಟಿನ ಕೆಳಗಿನ ಭೌತಶಾಸ್ತ್ರ

ಮಾರುತಿ ವ್ಯಾನಿನ ಎಂಜಿನ್ ನೋಡಬೇಕೆಂದರೆ ಮುಂದಿನ ಸೀಟಿನಲ್ಲಿ ಕೂತವರು ಮೊದಲು ಎದ್ದು ಇಳಿಯಬೇಕು. ಬಾನೆಟ್ ಎತ್ತಿ ನೋಡುವ ಸುಖ ಈ ಗಾಡಿಯಲ್ಲಿಲ್ಲ. ಸೀಟು ಮೇಲೆತ್ತಿ, ಅದರಡಿಯ ತಗಡಿನ ಮುಚ್ಚಳ ಸರಿಸಿದಾಗ ಎಂಜಿನ್ನಿನ ನೆತ್ತಿ ಕಾಣುತ್ತದೆ. ಉಳಿದದ್ದನ್ನು ನೋಡಲು ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಗಾಡಿಯಡಿ ತೂರಬೇಕು. 1984ರಲ್ಲಿ ಬಂದ ಈ ವ್ಯಾನಿಗೆ ಕೆಲವು ವರ್ಷಗಳ ನಂತರ ಓಮ್ನಿ ಎಂಬ ಹೆಸರು ಬಂತು. 2019ರಲ್ಲಿ ತಯಾರಿಕೆ ನಿಂತಿತು. ಅಷ್ಟರೊಳಗೆ ಅದು ಶಾಲೆಯ ಮಕ್ಕಳನ್ನು, ಹೂವಿನ ಮೂಟೆಗಳನ್ನು, ಶಾಮಿಯಾನದವರ ಪಾತ್ರೆಗಳನ್ನು, ಆಸ್ಪತ್ರೆಗೆ ಹೊರಟ ಬಸುರಿಯರನ್ನು ಹೊತ್ತಿದೆ. ಸಿನಿಮಾದ ಖಳರಂತೂ ಯಾರನ್ನಾದರೂ ಎತ್ತಿಹಾಕಿಕೊಂಡು ಹೋಗಬೇಕಾದರೆ ಇದರ ಜಾರುಬಾಗಿಲನ್ನೇ ನಂಬಿದ್ದರು.

ಎಂಜಿನ್ ಪುಟ್ಟದು. ಮೂರು ಸಿಲಿಂಡರು, 796 ಸಿ.ಸಿ. ಪ್ರತಿ ಸಿಲಿಂಡರಿನ ಒಳವ್ಯಾಸ 68.5 ಮಿ.ಮೀ., ಪಿಸ್ಟನ್ ಓಡಾಡುವ ದೂರ 72 ಮಿ.ಮೀ. ಮೊದಲ ಕಾಲದ ವ್ಯಾನುಗಳಲ್ಲಿ ಕಾರ್ಬೊರೇಟರು ಇತ್ತು, ಕಂಪ್ಯೂಟರು ಇರಲಿಲ್ಲ. ತಪ್ಪಾದರೆ ಅದು ಎಲ್ಲೋ ಒಂದು ಕಡೆ ಕಣ್ಣಿಗೆ, ಕಿವಿಗೆ, ಬೆರಳಿಗೆ ಸಿಗುವಂಥದ್ದೇ ಆಗಿರುತ್ತಿತ್ತು. ಮನೆಯಂಗಳದಲ್ಲಿ ಬಿಚ್ಚಿ ಕಲಿಯಲು ಇದಕ್ಕಿಂತ ಸಾಧು ಯಂತ್ರ ಸಿಗುವುದು ಕಷ್ಟ.

ತೊಡಕಿರುವುದು ಉಪಕರಣಗಳಲ್ಲಿ. ಕಂಪನಿಯ ದುರಸ್ತಿ ಕೈಪಿಡಿ ತೆರೆದರೆ ಪುಟಪುಟಕ್ಕೂ ‘ವಿಶೇಷ ಉಪಕರಣ’ಗಳ ಚಿತ್ರ, ಅವಕ್ಕೊಂದು ನಂಬರು. ಫ್ಲೈವೀಲ್ ತಿರುಗದಂತೆ ಹಿಡಿಯಲು ಒಂದು, ಬೇರಿಂಗ್ ಕೀಳಲು ಒಂದು, ಸೀಲು ಕೂರಿಸಲು ಇನ್ನೊಂದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲೆದರೆ ಹಳೇ ವ್ಯಾನಿನ ಬಿಡಿಭಾಗ ಸಿಕ್ಕೀತು. ಇಂಥ ಉಪಕರಣಗಳನ್ನು ಒಂದೇ ಒಂದು ಸಲದ ಕೆಲಸಕ್ಕೆ ದುಡ್ಡು ಕೊಟ್ಟು ಕೊಳ್ಳುವವರು ಯಾರೂ ಇಲ್ಲ. ಹಾಗಾಗಿ ಕೈಗೆ ಸಿಕ್ಕಿದ್ದರಲ್ಲಿ ಕೆಲಸ ಸಾಗಿಸುವ ಪರಂಪರೆ. ಇದನ್ನು ಜುಗಾಡ್ ಎಂದು ಕೊಂಡಾಡುವ ಫ್ಯಾಷನ್ ಈಚೆಗೆ ಬಂದಿದೆ. ನನಗೆ ಆ ಹೊಗಳಿಕೆ ಅಷ್ಟಾಗಿ ಹಿಡಿಸುವುದಿಲ್ಲ, ಏಕೆಂದರೆ ಚೆನ್ನಾಗಿ ಯೋಚಿಸಿ ಮಾಡಿದ ಬದಲಿ ಉಪಕರಣವನ್ನೂ ಕುರುಡು ಧೈರ್ಯದಲ್ಲಿ ಸುತ್ತಿಗೆ ಬೀಸುವುದನ್ನೂ ಅದು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಪ್ರತಿ ಉಪಕರಣವೂ ಮಾಡುವುದು ಒಂದು ಭೌತಿಕ ಕೆಲಸ. ಬಲವನ್ನು ದೊಡ್ಡದು ಮಾಡುತ್ತದೆ, ಹಂಚುತ್ತದೆ, ಅಳೆಯುತ್ತದೆ, ಇಲ್ಲವೇ ನಮಗೆ ಕೇಳದ್ದನ್ನು ಕೇಳಿಸುತ್ತದೆ. ಆ ಕೆಲಸ ಯಾವುದೆಂದು ಗೊತ್ತಾದವರಿಗೆ ಬದಲಿ ವಸ್ತು ಅಡುಗೆಮನೆಯಲ್ಲೂ ಸಿಗುತ್ತದೆ. ಗೊತ್ತಾಗದವರ ಕೈಯಲ್ಲಿ ಅಸಲಿ ಉಪಕರಣವೂ ಎಂಜಿನ್ ಮುರಿಯಬಲ್ಲದು.

ಪೈಪಿನಿಂದಲೇ ಶುರುಮಾಡೋಣ. ನಟ್ಟು ಬಿಡದಿದ್ದರೆ ಪಾನಾದ ಹಿಡಿಗೆ ಒಂದು ಜಿ.ಐ. ಪೈಪು ತೂರಿಸಿ ಜಗ್ಗುವುದು ಎಲ್ಲ ಗ್ಯಾರೇಜುಗಳ ಮೊದಲ ಪಾಠ. ಮೂವತ್ತು ಕೆ.ಜಿ. ಭಾರ ಎತ್ತುವಷ್ಟು ಜೋರಾಗಿ, ಅಂದರೆ ಸುಮಾರು 300 ನ್ಯೂಟನ್ ಬಲದಲ್ಲಿ, 20 ಸೆಂ.ಮೀ. ಉದ್ದದ ಪಾನಾವನ್ನು ಎಳೆದರೆ ನಟ್ಟಿಗೆ ತಲುಪುವ ತಿರುಚುವ ಬಲ, ಅಂದರೆ ಟಾರ್ಕ್, 60 ನ್ಯೂಟನ್-ಮೀಟರ್. ಅದೇ ಎಳೆತವನ್ನು ಒಂದು ಮೀಟರ್ ದೂರದಿಂದ ಕೊಟ್ಟರೆ 300. ಬಿಚ್ಚುವಾಗ ಇದು ವರ. ಬಿಗಿಯುವಾಗ ಇದೇ ಪೈಪು ಹಿಡಿದವರು ಹತ್ತು ಮಿ.ಮೀ. ಬೋಲ್ಟಿನ ತಲೆಯನ್ನು ಕೈಯಲ್ಲಿ ಹಿಡಿದುಕೊಂಡು ನಿಲ್ಲಬೇಕಾಗುತ್ತದೆ. ಅದು 300ರ ಹತ್ತಿರಕ್ಕೂ ಹೋಗದೆ ಮುರಿದಿರುತ್ತದೆ.

ಬೋಲ್ಟು ಬಿಗಿಯುವುದೆಂದರೆ ನಿಜವಾಗಿ ಏನಾಗುತ್ತದೆ ಎಂಬುದು ತುಸು ನಿಂತು ನೋಡಬೇಕಾದ ವಿಷಯ. ಅದು ಬಲು ಗಡುಸಾದ ಒಂದು ಸ್ಪ್ರಿಂಗು. ತಿರುಪಿದಷ್ಟೂ ಉದ್ದವಾಗುತ್ತದೆ, ಉದ್ದವಾದಷ್ಟೂ ಹಿಂದಕ್ಕೆ ಕುಗ್ಗಲು ಹವಣಿಸುತ್ತದೆ. ಆ ಹವಣಿಕೆಯೇ ಸಿಲಿಂಡರ್ ಹೆಡ್ಡನ್ನು ಬ್ಲಾಕಿಗೆ ಒತ್ತಿ ಹಿಡಿಯುವ ಶಕ್ತಿ. ಹತ್ತು ಮಿ.ಮೀ. ಬೋಲ್ಟಿಗೆ 60 ನ್ಯೂಟನ್-ಮೀಟರ್ ಟಾರ್ಕ್ ಕೊಟ್ಟರೆ ಅದರೊಳಗೆ ಹುಟ್ಟುವ ಎಳೆತ ಸುಮಾರು 30,000 ನ್ಯೂಟನ್. ಅಂದರೆ ಮೂರು ಟನ್ ತೂಕ. ಖಾಲಿ ಓಮ್ನಿಯ ತೂಕ ಎಂಟುನೂರು ಕೆ.ಜಿ.ಯ ಆಸುಪಾಸು; ಹೆಚ್ಚುಕಡಿಮೆ ನಾಲ್ಕು ವ್ಯಾನುಗಳನ್ನು ಒಂದೇ ಬೋಲ್ಟಿಗೆ ತೂಗುಹಾಕಿದಂತಾಯಿತು. ಇಷ್ಟೆಲ್ಲ ಎಳೆತಕ್ಕೆ ಎಂಟು ಸೆಂ.ಮೀ. ಬೋಲ್ಟು ಹಿಗ್ಗುವುದು ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಮಾತ್ರ.

ನಮಗೆ ಬೇಕಾದದ್ದು ಆ ಎಳೆತ. ಆದರೆ ಹೊರಗಿನಿಂದ ಅಳೆಯಲು ಸಿಗುವುದು ಟಾರ್ಕ್ ಒಂದೇ, ಮತ್ತು ಇವೆರಡರ ನಡುವೆ ಘರ್ಷಣೆ ಕೂತಿದೆ. ನಾವು ಹಾಕುವ ಶ್ರಮದಲ್ಲಿ ಸರಿಸುಮಾರು ಅರ್ಧ ಬೋಲ್ಟಿನ ತಲೆಯಡಿ ಉಜ್ಜಾಟದಲ್ಲೇ ಕಳೆದುಹೋಗುತ್ತದೆ. ಶೇಕಡ 40ರಷ್ಟನ್ನು ಥ್ರೆಡ್ಡು ನುಂಗುತ್ತದೆ. ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಶೇಕಡ 10. ಹೀಗಾಗಿ ಥ್ರೆಡ್ಡಿಗೆ ಒಂದು ತೊಟ್ಟು ಎಣ್ಣೆ ಬಿದ್ದರೂ ಲೆಕ್ಕ ತಿರುವುಮುರುವು. ಘರ್ಷಣೆ ನುಂಗುತ್ತಿದ್ದ ಪಾಲಿನಲ್ಲಿ ಒಂದಿಷ್ಟು ಹಿಗ್ಗಿಸುವ ಕೆಲಸಕ್ಕೆ ಬರುತ್ತದೆ. ಅದೇ 60 ನ್ಯೂಟನ್-ಮೀಟರಿಗೆ ಮೂರು ಟನ್ನಿನ ಬದಲು ನಾಲ್ಕು ಟನ್ ಎಳೆತ ಹುಟ್ಟಬಹುದು. ತಲೆಯ ಮೇಲೆ 8.8 ಎಂದು ಬರೆದಿರುವ ಸಾಮಾನ್ಯ ಹತ್ತು ಮಿ.ಮೀ. ಬೋಲ್ಟು ಶಾಶ್ವತವಾಗಿ ಹಿಗ್ಗಿಹೋಗದೆ ತಾಳಬಲ್ಲದ್ದು ಮೂರೂವರೆ ಟನ್. ಕೈಪಿಡಿ ‘ಒಣ ಥ್ರೆಡ್’ ಅಥವಾ ‘ಎಣ್ಣೆ ಸವರಿ’ ಎಂದು ಹೇಳಿದ್ದರೆ ಅದನ್ನು ಟಾರ್ಕಿನ ಅಂಕಿಯಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕೆನ್ನುವುದು ಇದಕ್ಕೆ. ‘ಇರಲಿ, ಸ್ವಲ್ಪ ಎಣ್ಣೆ ಬಿಡು’ ಎನ್ನುವ ಔದಾರ್ಯ ಹೆಡ್ ಬೋಲ್ಟಿನ ಹತ್ತಿರ ಬೇಡ.

ಟಾರ್ಕ್ ರೆಂಚ್ ಹುಟ್ಟಿದ್ದೂ ಬಿಗಿತದ ಈ ತಲೆನೋವಿನಿಂದಲೇ. ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯಲ್ಲಿದ್ದ ಕಾನ್ರಾಡ್ ಬಾರ್ 1918ರಲ್ಲಿ ಅದನ್ನು ರೂಪಿಸಿದ. ನೆಲದಡಿಯ ಕೊಳವೆಗಳ ಬೋಲ್ಟುಗಳನ್ನು ಕೆಲಸಗಾರರು ಮಿತಿಮೀರಿ ಬಿಗಿದು ಹಾಳುಮಾಡದಿರಲಿ ಎಂಬುದು ಉದ್ದೇಶ. ಆ ರೆಂಚು ಇಲ್ಲದವರಿಗೆ ರದ್ದಿ ಪೇಪರ್ ಕೊಳ್ಳುವವರ ಕೈಯಲ್ಲಿರುವ ಕೊಕ್ಕೆ ತಕ್ಕಡಿ ಸಾಕು. ಸಾಕೆಟ್ಟಿನ ನಡುಮಧ್ಯದಿಂದ ಸರಿಯಾಗಿ 30 ಸೆಂ.ಮೀ. ದೂರದಲ್ಲಿ ಹಿಡಿಗೆ ಒಂದು ಗುರುತು ಮಾಡಿ, ಅಲ್ಲಿ ದಾರ ಕಟ್ಟಿ, ದಾರಕ್ಕೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆಯಿರಿ. 60 ನ್ಯೂಟನ್-ಮೀಟರ್ ಬೇಕೆಂದರೆ 200 ನ್ಯೂಟನ್ ಎಳೆಯಬೇಕು, ತಕ್ಕಡಿ 20.4 ಕೆ.ಜಿ. ತೋರಿಸಿದಾಗ ನಿಲ್ಲಿಸಬೇಕು. ಲೆಕ್ಕ ಸುಲಭ: ಬೇಕಾದ ಟಾರ್ಕನ್ನು ಮೀಟರಿನಲ್ಲಿ ಅಳೆದ ದೂರದಿಂದ ಭಾಗಿಸಿ, ಬಂದದ್ದನ್ನು 9.8ರಿಂದ ಇನ್ನೊಮ್ಮೆ ಭಾಗಿಸಿ.

ಎಳೆತ ಹಿಡಿಗೆ ಲಂಬವಾಗಿರಬೇಕೆಂಬುದು ಇದರ ಮುಖ್ಯ ಷರತ್ತು. ಹತ್ತು ಡಿಗ್ರಿ ವಾಲಿದರೆ ತಪ್ಪು ಶೇಕಡ ಒಂದೂವರೆ, ಅದನ್ನು ಮರೆಯಬಹುದು. ಇಪ್ಪತ್ತು ಡಿಗ್ರಿಗೆ ಶೇಕಡ ಆರು. ಮೂವತ್ತಕ್ಕೆ ಶೇಕಡ ಹದಿಮೂರು ದಾಟುತ್ತದೆ. ವ್ಯಾನಿನ ಇಕ್ಕಟ್ಟಿನಲ್ಲಿ ಸೀಟಿನ ಚೌಕಟ್ಟು ಅಡ್ಡ ಬಂದು ಕೈ ತಂತಾನೇ ವಾಲುತ್ತದೆ, ಆದ್ದರಿಂದ ಎಳೆಯುವವರೊಬ್ಬರು, ಮೇಲಿನಿಂದ ಕೋನ ನೋಡುವವರೊಬ್ಬರು ಇದ್ದರೆ ಒಳಿತು. ಚಕ್ರದ ನಟ್ಟಿನಂತೆ ಗೋಡೆಗೆ ಮುಖಮಾಡಿರುವ ನಟ್ಟಾದರೆ ತಕ್ಕಡಿಯೂ ಬೇಡ. ಹಿಡಿಯನ್ನು ನೆಲಕ್ಕೆ ಸಮಾನಾಂತರವಾಗಿ ನಿಲ್ಲಿಸಿ, ಗುರುತಿನ ಜಾಗಕ್ಕೆ ನೀರಿನ ಕ್ಯಾನು ತೂಗುಹಾಕಿದರಾಯಿತು. ಒಂದು ಲೀಟರ್ ನೀರು ಒಂದು ಕೆ.ಜಿ. ತೂಗುತ್ತದೆ, ಯಾವ ಹಳ್ಳಿಯಲ್ಲೂ ಈ ತೂಕದ ಬಟ್ಟಿಗೆ ಕೊರತೆಯಿಲ್ಲ. ಕ್ಯಾನಿನ ತೂಕ, ಪಾನಾದ ಸ್ವಂತ ತೂಕ ಎರಡನ್ನೂ ಲೆಕ್ಕಕ್ಕೆ ಹಿಡಿಯಿರಿ. ನಾನು ಕಂಡಂತೆ ಜನ ಮರೆಯುವುದು ಎರಡನೆಯದನ್ನು.

ಜಾಮ್ ಆದ ನಟ್ಟಿನ ವಿಷಯ ಚುಟುಕಾಗಿ ಮುಗಿಸಬಹುದು. ಕಬ್ಬಿಣಕ್ಕಿಂತ ಅದರ ತುಕ್ಕು ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಥ್ರೆಡ್ಡಿನ ಸಂದಿಯಲ್ಲಿ ಊದಿಕೊಂಡ ಈ ತುಕ್ಕೇ ನಟ್ಟನ್ನು ಕಚ್ಚಿ ಹಿಡಿದಿರುವುದು. ಪೈಪು ಹಾಕುವ ಮೊದಲು ಕಾಯಿಸಿ ನೋಡಿ. ನಟ್ಟು ಕಾದರೆ ಅದರ ತೂತು ಕಿರಿದಾಗುತ್ತದೆಂದು ಭಾವಿಸುವವರು ಬಹಳ ಮಂದಿ, ಆಗುವುದು ತದ್ವಿರುದ್ಧ. ಎತ್ತಿನಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ತೊಡಿಸುವ ಕಮ್ಮಾರ ಮೊದಲು ಅದನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸುವುದು ಬಳೆ ಅಗಲವಾಗಲೆಂದೇ. ನಟ್ಟೂ ಒಂದು ದಪ್ಪ ಬಳೆ. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಲಕ್ಷದಲ್ಲಿ 12 ಪಾಲು ಹಿಗ್ಗುತ್ತದೆ. ಹತ್ತು ಮಿ.ಮೀ. ತೂತಿನ ನಟ್ಟನ್ನು 200 ಡಿಗ್ರಿ ಹೆಚ್ಚು ಕಾಯಿಸಿದರೆ ತೂತು ಅಗಲವಾಗುವುದು 0.024 ಮಿ.ಮೀ. ಕೂದಲೆಳೆಗಿಂತ ಕಡಿಮೆ, ಆದರೂ ತುಕ್ಕಿನ ಹಿಡಿತ ಬಿರುಕು ಬಿಡಲು ಅಷ್ಟೇ ಸಾಕಾಗುತ್ತದೆ. ಆ ಬಿಸಿ ನಟ್ಟಿಗೆ ಮೇಣದ ಬತ್ತಿ ತಾಗಿಸಿದರೆ ಕರಗಿದ ಮೇಣವನ್ನು ಥ್ರೆಡ್ಡು ಒಳಕ್ಕೆ ಹೀರಿಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಮೇಲೇರಿಸುವ ಕೇಶಾಕರ್ಷಣೆಯೇ ಇದೂ. ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು: ಪೆಟ್ರೋಲ್ ಟ್ಯಾಂಕು, ಕಾರ್ಬೊರೇಟರು, ಪೆಟ್ರೋಲ್ ಪೈಪು, ಗ್ಯಾಸ್ ಕಿಟ್ಟು, ರಬ್ಬರ್ ಸೀಲು ಇವುಗಳ ಹತ್ತಿರ ಬೆಂಕಿ ತರುವಂತೆಯೇ ಇಲ್ಲ. ವ್ಯಾನಿನ ಸೀಟಿನಡಿ ಇವುಗಳಲ್ಲಿ ಒಂದಲ್ಲ ಒಂದು ಇದ್ದೇ ಇರುತ್ತದೆ. ಭಾಗವನ್ನು ಬಿಚ್ಚಿ ಅಂಗಳಕ್ಕೆ ತಂದು ಕಾಯಿಸಲು ಸಾಧ್ಯವಾದರೆ ಸರಿ, ಇಲ್ಲದಿದ್ದರೆ ಎಣ್ಣೆ ಬಿಟ್ಟು ಎರಡು ದಿನ ಕಾಯುವುದು ಮೇಲು.

ಈಗ ಹಗ್ಗದ ಕತೆ. ಬದಲಿ ಉಪಕರಣಗಳಲ್ಲೆಲ್ಲ ನನಗೆ ಅತಿ ಮೆಚ್ಚುಗೆಯಾದದ್ದು ಇದು.

ಕ್ರ್ಯಾಂಕ್ ಶಾಫ್ಟಿನ ಮುಂದಿನ ಆಯಿಲ್ ಸೀಲು ಸೋರುತ್ತಿದೆ ಎನ್ನೋಣ. ಬದಲಾಯಿಸಬೇಕಾದರೆ ಶಾಫ್ಟಿನ ತುದಿಯ ದೊಡ್ಡ ಬೋಲ್ಟು ಬಿಚ್ಚಬೇಕು. ಪಾನಾ ಹಾಕಿ ತಿರುಗಿಸಿದರೆ ಬೋಲ್ಟಿನ ಜೊತೆ ಇಡೀ ಎಂಜಿನ್ನೇ ತಿರುಗುತ್ತದೆ. ಫ್ಲೈವೀಲ್ ಹಿಡಿಯುವ ವಿಶೇಷ ಉಪಕರಣ ಇರುವುದು ಇದಕ್ಕೆ. ಅದಿಲ್ಲದವರು ಪ್ಲಗ್ಗು ಬಿಚ್ಚಿ, ಆ ತೂತಿನಿಂದ ಸಿಲಿಂಡರಿನೊಳಕ್ಕೆ ಹಗ್ಗ ತುರುಕುತ್ತಾರೆ. ಪಿಸ್ಟನ್ ಮೇಲೆ ಬರುವಾಗ ಹಗ್ಗದ ಸಿಂಬೆ ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ ಸಿಕ್ಕಿ ಒತ್ತಿಕೊಳ್ಳುತ್ತದೆ. ಎಂಜಿನ್ ಅಲ್ಲಿಗೆ ನಿಲ್ಲುತ್ತದೆ.

ಯಾವ ಗಳಿಗೆಯಲ್ಲಿ ತುರುಕಬೇಕೆಂಬುದರಲ್ಲಿ ಜಾಣತನವಿದೆ. ಎರಡೂ ವಾಲ್ವು ಮುಚ್ಚಿರಬೇಕು. ತೆರೆದ ವಾಲ್ವಿನಡಿ ಹಗ್ಗ ಸಿಕ್ಕಿದರೆ ವಾಲ್ವಿನ ಕಡ್ಡಿ ಬಾಗೀತು. ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಇನ್ನೊಬ್ಬರಿಂದ ಎಂಜಿನ್ ನಿಧಾನವಾಗಿ ತಿರುಗಿಸಿ. ಗಾಳಿ ಬೆರಳನ್ನು ದೂಡಿಕೊಂಡು ಹೊರಬಂದರೆ ಪಿಸ್ಟನ್ ಸಂಕೋಚನದ ಹಂತದಲ್ಲಿ ಮೇಲೇರುತ್ತಿದೆ, ಎರಡೂ ವಾಲ್ವು ಮುಚ್ಚಿವೆ ಎಂದರ್ಥ. ಬೋಲ್ಟು ಬಿಗಿಯುವುದಾದರೆ ಇಲ್ಲೇ ನಿಲ್ಲಿಸಿ ಹಗ್ಗ ತುರುಕಬಹುದು, ಏಕೆಂದರೆ ಬಿಗಿಯುವಾಗ ಎಂಜಿನ್ ಮುಂದಕ್ಕೇ ತಿರುಗಿ ಪಿಸ್ಟನ್ ಏರುತ್ತದೆ. ಬಿಚ್ಚುವಾಗ ಎಂಜಿನ್ ಹಿಮ್ಮುಖವಾಗಿ ತಿರುಗುತ್ತದೆ. ಹಾಗಾಗಿ ಪಿಸ್ಟನ್ ತುತ್ತತುದಿ ದಾಟಿ ಕೆಳಗಿಳಿಯಲು ಶುರುಮಾಡಿದ ಮೇಲೆ ಹಗ್ಗ ಹಾಕಬೇಕು. ಹಿಮ್ಮುಖ ತಿರುಗಿದಾಗ ಅದು ಮತ್ತೆ ಮೇಲೇರಿ ಹಗ್ಗವನ್ನು ಹಿಚುಕುತ್ತದೆ. ತುತ್ತತುದಿಯ ಎರಡೂ ಮಗ್ಗುಲಲ್ಲಿ ವಾಲ್ವುಗಳು ಮುಚ್ಚಿರುವ ಹರವು ಇರುವುದರಿಂದ ಈ ಸ್ವಾತಂತ್ರ್ಯ. ಪಿಸ್ಟನ್ ತುದಿಯಲ್ಲಿದೆಯೋ ಇಲ್ಲವೋ ನೋಡಲು ಎಳನೀರಿನವರು ಕೊಡುವ ಸ್ಟ್ರಾ ಸಾಕು. ಪ್ಲಗ್ಗಿನ ತೂತಿಗಿಳಿಸಿದರೆ ಪಿಸ್ಟನ್ ಏರಿದಂತೆ ಏರುತ್ತದೆ, ಇಳಿದಂತೆ ಇಳಿಯುತ್ತದೆ, ಓರೆಯಾಗಿ ಸಿಕ್ಕಿಕೊಂಡರೂ ಬಾಗುತ್ತದೆಯೇ ಹೊರತು ಏನನ್ನೂ ಮುರಿಯುವುದಿಲ್ಲ. ಸ್ಕ್ರೂಡ್ರೈವರ್ ಇಳಿಬಿಡುವವರಿಗೆ ಈ ಭರವಸೆ ಇಲ್ಲ.

ಹಗ್ಗವೇ ಏಕೆ, ಒಂದು ಕಬ್ಬಿಣದ ತುಂಡು ಅಡ್ಡ ಕೊಟ್ಟರಾಗದೇ? ಬೋಲ್ಟಿಗೆ 100 ನ್ಯೂಟನ್-ಮೀಟರ್ ಹಾಕಿದಾಗ ಪಿಸ್ಟನ್ನಿನ ಮೇಲೆ ಬೀಳುವ ಒತ್ತು ಸುಮಾರು 330 ಕೆ.ಜಿ. ಭಾರದಷ್ಟು. ಪೆಟ್ರೋಲ್ ಉರಿದಾಗ ಒಳಗಿನ ಒತ್ತಡ 40 ಬಾರ್‌ನಷ್ಟಕ್ಕೆ ಏರುತ್ತದೆ. 37 ಚದರ ಸೆಂ.ಮೀ. ಪಿಸ್ಟನ್ನಿನ ಮೇಲೆ ಅದು ಒಂದೂವರೆ ಟನ್. ಹೀಗಾಗಿ 330 ಕೆ.ಜಿ. ಪಿಸ್ಟನ್ನಿಗೆ ಲೆಕ್ಕಕ್ಕಿಲ್ಲ, ಆದರೆ ಅದು ಅಗಲಕ್ಕೆ ಹಂಚಿಹೋಗಬೇಕು. ಕಬ್ಬಿಣದ ಮೂಲೆ ಅಷ್ಟೂ ಭಾರವನ್ನು ಕೆಲವೇ ಚದರ ಮಿಲಿಮೀಟರಿನ ಮೇಲೆ ಹೇರಿ ಅಲ್ಯೂಮಿನಿಯಂ ಪಿಸ್ಟನ್ನಿಗೆ ಕುಳಿ ಬೀಳಿಸುತ್ತದೆ. ಹಗ್ಗ ಮೈಬಿಟ್ಟು ಚಪ್ಪಟೆಯಾಗಿ ಎಲ್ಲ ಕಡೆಗೂ ಹರಡಿಕೊಳ್ಳುತ್ತದೆ. ನೂಲು ಬಿಡದ, ಮರಳು ಮಣ್ಣು ತಾಗದ, 6ರಿಂದ 8 ಮಿ.ಮೀ. ದಪ್ಪದ ನೈಲಾನ್ ಹಗ್ಗ ಒಳ್ಳೆಯದು. ಹೊರಗುಳಿಯುವ ತುದಿಗೆ ಮೊದಲೇ ಒಂದು ದಪ್ಪ ಗಂಟು ಹಾಕಿ. ಗಂಟಿಲ್ಲದ ಹಗ್ಗ ಪೂರ್ತಿ ಒಳಗೆ ಹೋದರೆ ಹೆಡ್ಡು ಬಿಚ್ಚುವ ಯೋಗ.

ಹಗ್ಗ ಬಲವನ್ನು ಹಂಚಿದರೆ ಗ್ರೀಸು ಅದನ್ನು ಹೆಚ್ಚಿಸುತ್ತದೆ. ಓಮ್ನಿಯಂತೆ ಎಂಜಿನ್ ಮುಂದೆ, ಗಿಯರ್ ಬಾಕ್ಸ್ ಅದರ ಹಿಂದೆ, ಓಟ ಹಿಂದಿನ ಚಕ್ರಕ್ಕೆ ಎಂಬ ಹಳೇ ಏರ್ಪಾಡಿನ ಗಾಡಿಗಳಲ್ಲಿ ಗಿಯರ್ ಬಾಕ್ಸಿನ ಶಾಫ್ಟಿನ ಮೂತಿ ಒಂದು ಪುಟ್ಟ ಬೇರಿಂಗಿನ ಮೇಲೆ ಕೂರುತ್ತದೆ. ಆ ಬೇರಿಂಗು ಕುರುಡು ಗುಂಡಿಯೊಳಗಿದೆ. ಹಿಂದಿನಿಂದ ಬಡಿದು ಉರುಳಿಸಲು ದಾರಿಯಿಲ್ಲ, ಮುಂದಿನಿಂದ ಹಿಡಿದೆಳೆಯಲು ಅಂಚಿಲ್ಲ. ಆಗ ಹಳೇ ಮೇಸ್ತ್ರಿಗಳು ಬೇರಿಂಗಿನ ತೂತಿನ ಮೂಲಕ ಗುಂಡಿಯ ತುಂಬ ಗ್ರೀಸು ತುಂಬಿ, ತೂತಿಗೆ ಬಿಗಿಯಾಗಿ ಕೂರುವ ಒಂದು ಸರಳನ್ನಿಟ್ಟು ಸುತ್ತಿಗೆಯಿಂದ ಕೊಡುತ್ತಾರೆ. ಸರಳು ಒಳಕ್ಕೆ ಹೋದಷ್ಟೂ ಬೇರಿಂಗು ಹೊರಕ್ಕೆ ಬರುತ್ತದೆ. ಪಾಸ್ಕಲ್ ಸತ್ತ ಮರುವರ್ಷ, 1663ರಲ್ಲಿ, ಅಚ್ಚಾದ ಅವನ ಗ್ರಂಥದ ನಿಯಮವೇ ಇಲ್ಲಿ ದುಡಿಯುತ್ತಿರುವುದು: ಮುಚ್ಚಿದ ದ್ರವದಲ್ಲಿ ಒತ್ತಡ ಎಲ್ಲ ದಿಕ್ಕಿಗೂ ಒಂದೇ ಸಮ. ತೂತು 15 ಮಿ.ಮೀ., ಬೇರಿಂಗಿನ ಹೊರವ್ಯಾಸ 30 ಮಿ.ಮೀ. ಇದೆಯೆನ್ನಿ. ವ್ಯಾಸ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟು. ಅದರಲ್ಲಿ ತೂತಿನ ಒಂದು ಪಾಲು ಕಳೆದರೆ ಬೇರಿಂಗಿನ ಬೆನ್ನಿಗೆ ಉಳಿಯುವುದು ಮೂರು ಪಾಲು. ಸುತ್ತಿಗೆಯ ಏಟು ಮೂರು ಪಟ್ಟಾಗಿ, ಅದೂ ಹಿಂದುಮುಂದಾಗಿ, ಬೇರಿಂಗಿಗೆ ತಲುಪುತ್ತದೆ. ಸರಳು ಸಡಿಲವಾಗಿದ್ದರೆ ಮಾತ್ರ ಗ್ರೀಸು ನಿಮ್ಮ ಮುಖಕ್ಕೇ ಹಾರುತ್ತದೆ. ಸವೆದ ಬೇರಿಂಗಿನ ಗುಂಡುಗಳ ನಡುವೆ ಗ್ರೀಸು ಸೋರಿಹೋಗುತ್ತಿದ್ದರೆ ನೆನೆಸಿದ ಬ್ರೆಡ್ಡನ್ನೋ ಪೇಪರಿನ ಮುದ್ದೆಯನ್ನೋ ತುರುಕುವವರಿದ್ದಾರೆ. ಅದೂ ಒಂದು ಮಂದವಾದ ದ್ರವದಂತೆಯೇ ವರ್ತಿಸುತ್ತದೆ, ಮೇಲಾಗಿ ಸಣ್ಣ ಸಂದಿಯಲ್ಲಿ ಸೋರುವುದಿಲ್ಲ.

ಅಳತೆಯ ವಿಚಾರಕ್ಕೆ ಬಂದರೆ ನನ್ನ ಉತ್ಸಾಹ ಇಳಿಯುತ್ತದೆ. ಕ್ಷೌರದ ಎರಡಂಚಿನ ಬ್ಲೇಡಿನ ದಪ್ಪ 0.1 ಮಿ.ಮೀ., ಹ್ಯಾಕ್ಸಾ ಬ್ಲೇಡಿನದು ಸುಮಾರು 0.63 ಮಿ.ಮೀ. ಪ್ಲಗ್ಗಿನ ಗ್ಯಾಪನ್ನು ಹ್ಯಾಕ್ಸಾ ಬ್ಲೇಡು ತೂರಿಸಿ ಹೊಂದಿಸುವವರು ಇಂದಿಗೂ ಇದ್ದಾರೆ, ಗಾಡಿ ಓಡುತ್ತದೆ ಕೂಡ. ಟ್ಯಾಪೆಟ್ಟಿನ ಸಂದಿಗೆ ಇದು ಸಲ್ಲದು. ಅಲ್ಲಿ ಬೇಕಾದ ಸಂದಿ ಒಂದು ಮಿಲಿಮೀಟರಿನ ಹತ್ತನೇ ಭಾಗದ ಲೆಕ್ಕದ್ದು. ಕಾದ ವಾಲ್ವು ಉದ್ದವಾದಾಗ ಪೂರ್ತಿ ಮುಚ್ಚಿಕೊಳ್ಳಲು ಬಿಟ್ಟ ಜಾಗ. ಸಂದಿ ಸಾಲದಿದ್ದರೆ ವಾಲ್ವು ಸೀಟಿಗೆ ಕೂರದೆ, ತನ್ನ ಬಿಸಿಯನ್ನು ಹೆಡ್ಡಿಗೆ ದಾಟಿಸಲಾರದೆ ಸುಟ್ಟುಹೋಗುತ್ತದೆ. ಕಾಗದ ಒತ್ತಿದರೆ ತೆಳ್ಳಗಾಗುತ್ತದೆ, ಬ್ಲೇಡು ಸೆಟೆದುಕೊಂಡು ಕೈ ಕೊಯ್ಯುತ್ತದೆ. ಅಳತೆಯ ಪಟ್ಟಿಗಳ ಫೀಲರ್ ಗೇಜ್ ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಅಗ್ಗಕ್ಕೆ ಸಿಗುವಾಗ ಇಲ್ಲಿ ಜಾಣತನ ತೋರಿಸುವ ಅಗತ್ಯ ಕಾಣುವುದಿಲ್ಲ.

ಕಿವಿಗೆ ಮಾತ್ರ ಉದ್ದನೆಯ ಸ್ಕ್ರೂಡ್ರೈವರಿಗಿಂತ ಒಳ್ಳೆಯ ಉಪಕರಣ ಕೊಳ್ಳಬೇಕಾಗಿಲ್ಲ. ಅದರ ತುದಿಯನ್ನು ಎಂಜಿನ್ನಿನ ಮೈಗಿಟ್ಟು, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿಕೊಂಡರೆ ಅಲ್ಟರ್ನೇಟರಿನ ಬೇರಿಂಗಿನ ಗರಗರ, ಟ್ಯಾಪೆಟ್ಟಿನ ಟಿಕಟಿಕ, ನೀರಿನ ಪಂಪಿನ ಕೀರಲು ಒಂದೊಂದೂ ಬೇರೆಬೇರೆಯಾಗಿ ಕೇಳುತ್ತವೆ. ವಸ್ತುವಿನಿಂದ ವಸ್ತುವಿಗೆ ಸದ್ದು ದಾಟುವಾಗ ಎರಡರ ಗಡಸು, ಸಾಂದ್ರತೆ ಹೊಂದದಿದ್ದರೆ ಬಹುಪಾಲು ಹಿಂದಕ್ಕೇ ಪುಟಿಯುತ್ತದೆ. ಉಕ್ಕಿನಿಂದ ಗಾಳಿಗೆ ದಾಟುವ ಶಬ್ದಶಕ್ತಿ ಲಕ್ಷದಲ್ಲಿ ನಾಲ್ಕು ಪಾಲು ಮಾತ್ರ. ಎಂಜಿನ್ನಿನ ಒಳಗಿನ ಮಾತುಕತೆಯೆಲ್ಲ ಲೋಹದೊಳಗೇ ಉಳಿದು, ಹೊರಗೆ ನಿಂತವರಿಗೆ ಕೇಳುವುದು ಅದರ ಚೂರುಪಾರು, ಅದೂ ಫ್ಯಾನಿನ, ಸೈಲೆನ್ಸರಿನ ಗದ್ದಲದಲ್ಲಿ ಕಲಸಿಕೊಂಡದ್ದು. ಸ್ಕ್ರೂಡ್ರೈವರು ನಡುವಿನ ಗಾಳಿಯನ್ನೇ ತಪ್ಪಿಸಿ ಲೋಹದಿಂದ ಲೋಹಕ್ಕೆ, ಲೋಹದಿಂದ ಮೂಳೆಗೆ ದಾರಿ ಮಾಡಿಕೊಡುತ್ತದೆ. ವೈದ್ಯರ ಸ್ಟೆತಾಸ್ಕೋಪ್ ಹುಟ್ಟಿದ್ದೂ ಕೈಗೆ ಸಿಕ್ಕ ವಸ್ತುವಿನಿಂದಲೇ: 1816ರಲ್ಲಿ ಪ್ಯಾರಿಸ್ಸಿನ ನೆಕರ್ ಆಸ್ಪತ್ರೆಯಲ್ಲಿ ರೆನೆ ಲೆನೆಕ್ ಯುವತಿಯೊಬ್ಬಳ ಎದೆಗೆ ಕಿವಿಯಿಡಲು ಸಂಕೋಚಪಟ್ಟು ಕಾಗದದ ಹಾಳೆಗಳನ್ನು ಸುರುಳಿ ಸುತ್ತಿ ಆಲಿಸಿದ.

ಆಲಿಸುವ ಮುನ್ನ ಉದ್ದ ಕೂದಲು, ದುಪ್ಪಟ್ಟಾ, ಸಡಿಲ ತೋಳು ಕಟ್ಟಿಕೊಳ್ಳಿ. ಬೆಲ್ಟು ಅಲ್ಲೇ ಪಕ್ಕದಲ್ಲಿ ತಿರುಗುತ್ತಿರುತ್ತದೆ. ಒಂದೇ ಜಾಗದ ಸದ್ದು ಕೇಳಿ ತೀರ್ಪು ಕೊಡುವುದೂ ತರವಲ್ಲ. ಲೋಹದಲ್ಲಿ ಸದ್ದು ಎಲ್ಲೆಡೆ ಹರಿಯುವುದರಿಂದ, ಅಕ್ಕಪಕ್ಕದ ನಾಲ್ಕಾರು ಕಡೆ ಇಟ್ಟು ಎಲ್ಲಿ ಅತಿ ಜೋರು ಎಂಬುದನ್ನು ಹೋಲಿಸಿ ನೋಡಬೇಕು.

ಬದಲಿ ಹುಡುಕಲೇಬಾರದ ಜಾಗವೊಂದಿದೆ, ಅದು ಗಾಡಿಯನ್ನು ಎತ್ತಿ ನಿಲ್ಲಿಸುವ ಜಾಗ. ವ್ಯಾನಿನ ಜೊತೆ ಬರುವ ಜಾಕು ಚಕ್ರ ಬದಲಿಸಲು ಎತ್ತುವಂಥದ್ದು, ಅದರಡಿ ಮನುಷ್ಯ ಮಲಗುವುದಕ್ಕೆಂದು ಮಾಡಿದ್ದಲ್ಲ. ಅದರ ಮೇಲೆ ಗಾಡಿಯ ಭಾರದ ಸಮತೋಲ ಒಂದು ಅಂಗೈಯಗಲದ ತಳದ ಮೇಲೆ ನಿಂತಿರುತ್ತದೆ, ಮತ್ತು ಜಾಮ್ ಆದ ಬೋಲ್ಟಿಗೆ ಪೈಪು ಹಾಕಿ ಜಗ್ಗುವವರು ಆ ಸಮತೋಲವನ್ನು ಅಡ್ಡಕ್ಕೆ ಎಳೆಯುತ್ತಾರೆ. ಇಟ್ಟಿಗೆ, ಹಾಲೋ ಬ್ಲಾಕ್ ಪೇರಿಸಿ ಕೊಡುವವರಿದ್ದಾರೆ. ಅವು ಭಾರ ತಾಳುತ್ತ ತಾಳುತ್ತ ಯಾವ ಸೂಚನೆಯನ್ನೂ ಕೊಡದೆ ಒಮ್ಮೆಗೇ ಸೀಳುತ್ತವೆ. ಉಕ್ಕು ಮುರಿಯುವ ಮೊದಲು ಬಾಗುತ್ತದೆ, ಕಲ್ಲು ಬಾಗುವುದಿಲ್ಲ. ಎರಡು ಜಾಕ್ ಸ್ಟ್ಯಾಂಡು ಕೊಳ್ಳಲು ದುಡ್ಡಿಲ್ಲದಿದ್ದರೆ ಆ ದಿನದ ಕೆಲಸ ಮೇಲಿನಿಂದ ಆಗುವಷ್ಟೇ.

ಉಳಿದದ್ದು ಕರೆಂಟು. ಹಳೇ ವ್ಯಾನಿನ ಅರ್ಧ ಕಾಯಿಲೆ ವೈರಿನ ಕೀಲುಗಳಲ್ಲಿರುತ್ತದೆ, ಇಲ್ಲಿ ಬದಲಿ ಉಪಕರಣ ಅಸಲಿಯನ್ನು ಮೀರಿಸುವ ವಿಚಿತ್ರವೂ ಉಂಟು. ಇಂಡಿಕೇಟರಿನ 21 ವಾಟ್ ಬಲ್ಬಿಗೆ ಎರಡು ವೈರು ಬೆಸುಗೆ ಹಾಕಿದರೆ ಟೆಸ್ಟ್ ಲ್ಯಾಂಪ್ ಸಿದ್ಧ. ಹಾರನ್ನು ಕೆಲಸ ಮಾಡುತ್ತಿಲ್ಲವೆನ್ನಿ. ಡಿಜಿಟಲ್ ಮೀಟರಿಟ್ಟರೆ 12 ವೋಲ್ಟ್ ಸರಿಯಾಗಿ ತೋರಿಸುತ್ತದೆ. ಹಾಗಾದರೆ ಹಾರನ್ನೇ ಕೆಟ್ಟಿದೆ ಎಂದು ಹೊಸದು ತಂದು ಹಾಕಿದರೂ ಸದ್ದಿಲ್ಲ. ಬಲ್ಬು ಹಚ್ಚಿ ನೋಡಿದರೆ ಮಿಣುಕು ಬೆಳಕು. ಕೀಲಿನಲ್ಲಿ ಹಸಿರು ಕಿಲುಬು ಹತ್ತಿದೆ. ಮೀಟರು ಸುಳ್ಳು ಹೇಳಲಿಲ್ಲ. ಅದರ ಒಳಗಿನ ಪ್ರತಿರೋಧ ಸಾಮಾನ್ಯವಾಗಿ ಒಂದು ಕೋಟಿ ಓಮ್, ಅದು ಬೇಡುವ ಕರೆಂಟು ಆಂಪಿಯರಿನ ಹತ್ತು ಲಕ್ಷದ ಒಂದೆರಡು ಪಾಲು. ಅಷ್ಟು ಸಣ್ಣ ಹರಿವಿಗೆ ಕಿಲುಬಿನ ಹತ್ತು ಓಮ್ ಅಡ್ಡಿಯೇ ಅಲ್ಲ. ಬಲ್ಬು ಒಂದೂಮುಕ್ಕಾಲು ಆಂಪಿಯರ್ ಬೇಡುತ್ತದೆ. ಆ ಹತ್ತು ಓಮ್ ಅದರ ಪಾಲಿನ ವೋಲ್ಟೇಜಿನಲ್ಲಿ ದೊಡ್ಡ ಪಾಲನ್ನು ಕಿತ್ತುಕೊಳ್ಳುತ್ತದೆ. ಇಂಜೆಕ್ಷನ್ ಬಂದ ಮೇಲಿನ ವ್ಯಾನುಗಳಲ್ಲಿ ಎಂಜಿನ್ ಕಂಪ್ಯೂಟರಿಗೆ ಹೋಗುವ ವೈರುಗಳಿಗೆ ಈ ಬಲ್ಬು ತಾಗಿಸಬಾರದು. ಅಷ್ಟು ಕರೆಂಟು ಸಾಗಿಸಲು ಅದರ ಒಳಗಿನ ಮಂಡಲಗಳು ಆಗಿಲ್ಲ, ಸುಟ್ಟರೆ ದುಬಾರಿ.

ಸ್ಟಾರ್ಟರಿನ ದಾರಿಯಲ್ಲಿ ಬಲ್ಬೂ ಸೋಲುತ್ತದೆ. ಅಲ್ಲಿ ಹರಿಯುವುದು ನೂರು ಆಂಪಿಯರಿಗೂ ಮೇಲೆ. ಒಂದು ಓಮಿನ ನೂರನೇ ಭಾಗದಷ್ಟು ಕಿಲುಬು ಬಲ್ಬಿಗೆ ಗೊತ್ತೂ ಆಗುವುದಿಲ್ಲ, ಆದರೆ ನೂರು ಆಂಪಿಯರಿಗೆ ಅದು ಒಂದಿಡೀ ವೋಲ್ಟ್ ನುಂಗುತ್ತದೆ. ಆದ್ದರಿಂದ ಅಲ್ಲಿ ಸ್ಟಾರ್ಟರನ್ನೇ ಬಲ್ಬಿನಂತೆ ಬಳಸಬೇಕು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಗುಬ್ಬಿಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ, ಯಾರಿಂದಲಾದರೂ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಸ್ಟಾರ್ಟರ್ ಬಿಚ್ಚಬೇಡಿ. ಮೀಟರೂ ಇಲ್ಲವೆಂದರೆ ಜಂಪ್ ಕೇಬಲಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಎಂಜಿನ್ನಿಗೂ ಕಚ್ಚಿಸಿ ಸೆಲ್ಫ್ ಹೊಡೆಯಿರಿ. ಎಂಜಿನ್ ಚುರುಕಾಗಿ ತಿರುಗಿದರೆ ಕಳ್ಳ ಹೆಚ್ಚಾಗಿ ಬಾಡಿಗೂ ಎಂಜಿನ್ನಿಗೂ ನಡುವಿನ ಅರ್ಥ್ ಪಟ್ಟಿ. ಅದನ್ನು ಬಿಚ್ಚಿ, ಎರಡೂ ಕಡೆ ಎಮರಿ ಪೇಪರಿನಿಂದ ಹೊಳೆಯುವ ತನಕ ಉಜ್ಜಿ, ಬಿಗಿದು, ಮೇಲೆ ತುಸು ಗ್ರೀಸು ಸವರಬೇಕು.